ಸಿಲೋನಿನ ಬೆಟ್ಟದ ಮೇಲೊಂದು ಕುಂಬಳಕಾಯಿ

ಬೈರಕೂರು

ಸಿಲೋನಿಗೆ ಹೋಗಿಬಂದೆ ಎಂದರೆ ಸಾಕು, ಆನೆ ನೋಡಿದಿರಾ, ಮುತ್ತು ತೆಗೆಯುವುದನ್ನು ನೋಡಿದಿರಾ, ಬುದ್ಧನ ಹಲ್ಲಿಟ್ಟ ಗುಡಿ ನೋಡಿದಿರಾ ಎಂದು ಜನ ಕೇಳುತ್ತಾರೆ. ನಾನು ಅವು ಯಾವುದನ್ನೂ ನೋಡಲಿಲ್ಲ. ನೋಡಿಬಂದದ್ದು ಒಂದು ಸಿಹಿಗುಂಬಳಕಾಯಿ. ಅದಕ್ಕೆ ಏನಾಯಿತು ಎಂದು ಹೇಳಹೊರಟರೆ ಈಗಲೂ ನನಗೆ ಮೈ ಬಿಸಿಯಾಗುತ್ತದೆ. ಆದ್ದರಿಂದ ಆತುರಪಡದೆ, ಕಂಡಷ್ಟನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಎಸ್ಟೇಟಿನ ಹೆಸರನ್ನಾಗಲಿ ಅಲ್ಲಿನ ಊರಿನ ಹೆಸರನ್ನಾಗಲಿ ಬರೆಯುವುದಿಲ್ಲ. ನನ್ನ ತಂಗಿಯ ಗಂಡ ಇನ್ನೂ ಅಲ್ಲೇ ಕೆಲಸದಲ್ಲಿದ್ದಾನೆ.

ನಾನು ಬೈರಕೂರಿನ ಸ್ಕೂಲಿನಲ್ಲಿ ಮೇಷ್ಟ್ರು. ಹಿತ್ತಲಲ್ಲಿ ದೊಡ್ಡ ಕುಂಬಳಕಾಯಿ ಬೆಳೆಸುವುದು ನನಗೊಂದು ಹುಚ್ಚು. ಮಾರುವುದಕ್ಕಲ್ಲ, ಮಾರುವ ತರಕಾರಿಯನ್ನು ಮಾಲೂರಿನ ಕಡೆಯವರು ನನಗಿಂತ ಚೆನ್ನಾಗಿ ಬೆಳೆಯುತ್ತಾರೆ. ಹೋದ ವರ್ಷದ್ದಕ್ಕಿಂತ ಈ ವರ್ಷದ್ದು ದೊಡ್ಡದಾಗಬೇಕು, ಅಷ್ಟೇ ನನ್ನ ಆಸೆ. ಬೀಜ ನಮ್ಮ ಅಮ್ಮನದು. ಕಾಯಿ ಒಡೆದಾಗಲೆಲ್ಲ ಅವಳು ದಪ್ಪ ಬೀಜಗಳನ್ನು ಆರಿಸಿ ಬೂದಿಯಲ್ಲಿ ಹೊರಳಿಸಿ, ಸಗಣಿಯಲ್ಲಿ ಸೇರಿಸಿ ಗೋಡೆಗೆ ಮೆತ್ತಿಡುತ್ತಿದ್ದಳು. ಬೇಕಾದಾಗ ಗೋಡೆಯಿಂದ ಕಿತ್ತು ನೆಡುವುದು.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವುದಿಲ್ಲ. ಗಂಡಸು ಒಂದೇಟು ಹಾಕಿ ಸೀಳು ಬಿಡಿಸಿಕೊಡಬೇಕು. ಆಮೇಲೆ ಹೆಂಗಸರು ಹೆಚ್ಚಿಕೊಳ್ಳಬಹುದು. ಹಾಗೆ ಮಾಡದಿದ್ದರೆ ಮನೆಗೆ ಆಗದು ಎನ್ನುತ್ತಾರೆ, ಏನಾಗದು ಎಂದು ಯಾರೂ ಹೇಳುವುದಿಲ್ಲ. ಅಪ್ಪ ಹೊಲದಿಂದ ಬರುವುದು ತಡವಾದರೆ ಅಮ್ಮ ಕಾಯಿಯನ್ನೂ ಮಚ್ಚನ್ನೂ ಪಕ್ಕಪಕ್ಕ ಇಟ್ಟುಕೊಂಡು, ಒಲೆ ಸುಮ್ಮನೆ ಉರಿಯುತ್ತಿದ್ದರೂ, ಬಾಗಿಲ ಕಡೆ ನೋಡುತ್ತ ಕೂತಿರುತ್ತಿದ್ದಳು.

ಅಮ್ಮ ಹೋದ ಮೇಲೆ ಆ ಬೀಜ ಎರಡು ಕಡೆ ಉಳಿಯಿತು. ಒಂದು ಪಾಲು ನನ್ನಲ್ಲಿ, ಇನ್ನೊಂದು ಪಾಲು ತಂಗಿ ನಂಜಮ್ಮನಲ್ಲಿ. ಅವಳ ಗಂಡ ವೆಂಕಟಾಚಲ ತಾಯಲೂರಿನವನು. ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ಕೆಲಸ ಕಲಿತು, ಸಿಲೋನಿನ ಒಂದು ಟೀ ಎಸ್ಟೇಟಿಗೆ ಕಾಂಪೌಂಡರ್ ಆಗಿ ಹೋಗಿದ್ದ. ನನ್ನ ಹಿತ್ತಲಲ್ಲಿ ಕಾಯಿ ಒಂದು ಗಾತ್ರಕ್ಕೆ ಬರುವ ಹೊತ್ತಿಗೆ ಬಿರುಕು ಬಿಟ್ಟು ಕೊಳೆಯುತ್ತಿತ್ತು. ಎರಡು ವರ್ಷ ಹೀಗೇ ಆಯಿತು. ಗೋಡೆಯ ಮೇಲಿನ ಬೀಜವನ್ನು ಇಲಿ ತಿಂದಿತು. ಮಿಕ್ಕದ್ದು ಒಂದು ಹಿಡಿ. ಅಷ್ಟರಲ್ಲಿ ನಂಜಮ್ಮ ಬರೆಸಿದಳು: ತನ್ನಲ್ಲೂ ಬೀಜ ತೀರಿತ್ತು, ಕಡೆಯದಾಗಿ ಹಾಕಿದ್ದರಲ್ಲಿ ಒಂದೇ ಒಂದು ಬಳ್ಳಿ ಎದ್ದಿದೆ, ಅದರಲ್ಲಿ ಬಂದಿರುವ ಕಾಯಿಯನ್ನು ನೀನು ಬಂದು ನೋಡಬೇಕು, ಮೊದಲ ಏಟನ್ನು ನೀನೇ ಹಾಕಬೇಕು ಎಂದು. ಯುದ್ಧ ಶುರುವಾಗುವ ಮುಂಚಿನ ಬೇಸಿಗೆ ಅದು. ಸ್ಕೂಲಿಗೆ ರಜ ಕೊಟ್ಟಿತ್ತು. ಮಿಕ್ಕ ಬೀಜವನ್ನು ತಂಗಿಗೆಂದು ಪಂಚೆಯ ತುದಿಯಲ್ಲಿ ಗಂಟು ಹಾಕಿ, ಆ ಪಂಚೆಯನ್ನು ಹಾಸಿಗೆಯಲ್ಲಿ ಸುತ್ತಿಕೊಂಡು, ಬೌರಿಂಗ್‌ಪೇಟೆಯಲ್ಲಿ ರೈಲು ಹತ್ತಿದೆ.

ಕಡಲಂಚಿನ ಕ್ಯಾಂಪು

ಹಡಗು ಹತ್ತುವುದಕ್ಕೆ ಮುಂಚೆ, ಸಿಲೋನಿಗೆ ರೋಗ ಹೋಗದಿರಲಿ ಎಂದು, ಮರಳ ಮೇಲೆ ಕಟ್ಟಿದ ಒಂದು ಕ್ಯಾಂಪಿನಲ್ಲಿ ಜನರನ್ನು ಇಳಿಸಿ ನಿಲ್ಲಿಸುತ್ತಿದ್ದರು. ಅಲ್ಲಿ ನಿಲ್ಲಬೇಕಾದವರು ಹೆಚ್ಚುಕಡಿಮೆ ಎಲ್ಲರೂ ಮೂರನೇ ಕ್ಲಾಸಿನವರು. ಕಾಲರಾ, ಸಿಡುಬು ಇವೆಲ್ಲ ಟಿಕೆಟ್ಟಿನ ಬಣ್ಣ ನೋಡಿಕೊಂಡು ಅಂಟುತ್ತವೆ ಎಂದು ನನಗೆ ಅಲ್ಲೇ ಗೊತ್ತಾದದ್ದು. ಗಂಡಸರನ್ನು ಒಂದು ಕಡೆ, ಹೆಂಗಸರನ್ನು ಒಂದು ಕಡೆ ಮಾಡಿದರು. ಕಣ್ಣು ನೋಡಿದರು, ನಾಲಿಗೆ ನೋಡಿದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಾದರೂ ಎತ್ತಿನ ಬೆನ್ನು ಸವರುತ್ತಾನೆ.

ಆಮೇಲೆ ಬಟ್ಟೆಬರೆ, ಹಾಸಿಗೆ, ಗಂಟು ಎಲ್ಲವನ್ನೂ ಒಂದು ಕಬ್ಬಿಣದ ಪೆಟ್ಟಿಗೆಗೆ ತುಂಬಿ ಹಬೆ ಬಿಡುತ್ತಾರೆ ಎಂದು ತಿಳಿಯಿತು. ನನ್ನ ಹಾಸಿಗೆ ಆಗಲೇ ರಾಶಿಯಲ್ಲಿ ಸೇರಿತ್ತು. ನಾನು ಅಲ್ಲಿದ್ದ ಗುಮಾಸ್ತನ ಬಳಿ ಹೋಗಿ, ಅದರೊಳಗೆ ಬಿತ್ತನೆ ಬೀಜ ಇದೆ, ಅದೊಂದನ್ನು ತೆಗೆದುಕೊಳ್ಳುತ್ತೇನೆ ಎಂದು ಇಂಗ್ಲಿಷಿನಲ್ಲೇ ಕೇಳಿದೆ. ಮೂರನೇ ಕ್ಲಾಸಿನವನ ಬಾಯಲ್ಲಿ ಇಂಗ್ಲಿಷ್ ಕೇಳಿ ಅವನು ತಲೆ ಎತ್ತಿದ. ನನ್ನನ್ನು ಪೂರ್ತಿ ನೋಡಿದ. ಆಮೇಲೆ, ಬಟ್ಟೆಯೊಳಗೆ ಇದ್ದದ್ದೆಲ್ಲ ಬಟ್ಟೆಯ ಲೆಕ್ಕವೇ ಎಂದು ಹೇಳಿ ಮುಂದಿನವನನ್ನು ಕರೆದ.

ಹಾಸಿಗೆ ವಾಪಸು ಬಂದಾಗ ಒದ್ದೆಯಾಗಿ ಬಿಸಿಯಾಗಿತ್ತು. ಗಂಟು ಬಿಚ್ಚಿದೆ. ಉಗುರಿನಲ್ಲಿ ಒತ್ತಿದರೆ ಬೀಜದೊಳಗಿನ ತಿರುಳು ಹಿಟ್ಟಾಯಿತು. ಅಷ್ಟು ವರ್ಷ ಗೋಡೆಯ ಮೇಲೆ, ಇಲಿಯ ಬಾಯಿಯಿಂದ, ನನ್ನ ಅಚಾತುರ್ಯಗಳಿಂದ ಉಳಿದುಕೊಂಡು ಬಂದದ್ದು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಬೆಂದುಹೋಯಿತು. ನಾನು ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದೆ. ಪಕ್ಕದಲ್ಲಿ ಸೇಲಂ ಕಡೆಯ ಒಬ್ಬ ಮುದುಕ ಕೂತಿದ್ದ. ಟೀ ತೋಟದಲ್ಲಿದ್ದ ಮಗಳ ಬಳಿಗೆ ಹೊರಟವನು. ಬಹಳ ಹೊತ್ತು ನೋಡಿ, ಇನ್ನು ನೆಡುವುದಿಲ್ಲ ತಾನೇ, ಇಲ್ಲಿ ಕೊಡಿ ಎಂದು ತಮಿಳಿನಲ್ಲಿ ಕೇಳಿ ಇಸಕೊಂಡ. ಒಂದೊಂದಾಗಿ ಸಿಪ್ಪೆ ಬಿಡಿಸಿ ತಿಂದ. ಬೇಯಿಸಿದವರು ಉಪ್ಪು ಹಾಕಿಲ್ಲ ಎಂದ. ಆ ಕ್ಯಾಂಪಿನಲ್ಲಿ ನನಗೆ ನಗು ಬಂದದ್ದು ಅದೊಂದು ಸಲ.

ತಂಗಿಯ ಹಿತ್ತಲು

ಕಡಲನ್ನು ನಾನು ಸರಿಯಾಗಿ ನೋಡಲಿಲ್ಲ, ಹಡಗಿನಲ್ಲಿ ಮುಸುಕು ಹಾಕಿ ಮಲಗಿಬಿಟ್ಟೆ. ಬೆಟ್ಟ ಹತ್ತುವ ರೈಲಿನಲ್ಲಿ ಮಾತ್ರ ಕಿಟಕಿ ಬಿಟ್ಟು ಏಳಲಿಲ್ಲ. ನಮ್ಮ ಕೋಲಾರದ ಬೆಟ್ಟ ಎಂದರೆ ಬರೀ ಬಂಡೆ. ಅದರ ಬುಡದಲ್ಲೊಂದು ಕೆರೆ, ಕೆರೆಯಲ್ಲಿ ನೀರಿದ್ದರೆ ಪುಣ್ಯ. ಇಲ್ಲಿ ಬೆಟ್ಟಕ್ಕೆಲ್ಲ ಬಾಚಣಿಗೆ ಹಾಕಿ ಬಾಚಿದಂತೆ ಟೀ ಗಿಡ. ಎಲ್ಲಿ ನೋಡಿದರೂ ನೀರು ಇಳಿಯುತ್ತದೆ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಾದರೆ ದಾರಿಹೋಕ ಒಂದು ಹಣ್ಣು ಹೆಕ್ಕಿದರೆ ಕೇಳುವವರಿಲ್ಲ. ಇಲ್ಲಿ ಇಷ್ಟು ಹಸಿರಿನಲ್ಲಿ ಮನುಷ್ಯ ಕಿತ್ತು ತಿನ್ನುವಂಥದ್ದು ಒಂದೂ ಕಾಣಲಿಲ್ಲ.

ಎಸ್ಟೇಟಿನ ಆಸ್ಪತ್ರೆಯ ಹಿಂದೆಯೇ ತಂಗಿಯ ಮನೆ, ಮನೆಯ ಹಿಂದೆ ಹಿತ್ತಲು. ಕೈಕಾಲು ತೊಳೆಯುವುದಕ್ಕೂ ಬಿಡದೆ ಅಲ್ಲಿಗೆ ಕರೆದುಕೊಂಡು ಹೋದಳು. ತೆಂಗಿನ ಗರಿಯ ಚಪ್ಪರದ ಕೆಳಗೆ, ಮರಳು ಹಾಸಿದ ನೆಲದ ಮೇಲೆ ಕೂತಿತ್ತು. ನಾನು ಮೊದಲು ಅದನ್ನು ಕಾಯಿ ಎಂದು ತಿಳಿಯಲಿಲ್ಲ. ಬಟ್ಟೆ ಮುಚ್ಚಿದ ಒರಳುಕಲ್ಲು ಎಂದುಕೊಂಡೆ. ಬಟ್ಟೆ ಸರಿಸಿದಳು. ಅಮ್ಮನ ಕಾಯಿಯದೇ ಬಣ್ಣ, ತೊಟ್ಟಿನ ಸುತ್ತ ಅದೇ ಬೂದು ಹಸಿರು ಗೆರೆ. ಆದರೆ ಇಬ್ಬರು ಕೈ ಚಾಚಿ ತಬ್ಬಿದರೂ ಬೆರಳಿಗೆ ಬೆರಳು ತಗುಲುವುದು ಕಷ್ಟ. ನಾನು ಬಾಯಿ ಬಿಟ್ಟು, ಅಗೋ ಎಂದು ಕೈ ಎತ್ತಿದೆ.

"ಬೆರಳು ಮಡಿಸೋ ಅಣ್ಣಾ," ಎಂದಳು. "ಅಮ್ಮ ಕಲಿಸಿದ್ದೆಲ್ಲ ಹಡಗಲ್ಲೇ ಬಿಟ್ಟು ಬಂದ್ಯಾ?"

ಬೆಳೆಯುವ ಕಾಯಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎಂದು ನಮ್ಮಲ್ಲಿ ಬೆರಳು ಮಡಿಸಿ ಗೆಣ್ಣಿನಿಂದ ತೋರಿಸುತ್ತೇವೆ. ನಾನು ಬೆರಳು ಮಡಿಸಿದೆ.

ಬೀಜ ಬೆಂದುಹೋದ ಸಂಗತಿಯನ್ನು ಅವಳಿಗೆ ಹೇಳಬೇಕಾಯಿತು. "ಹಂಗಾದ್ರೆ ಅಮ್ಮಂದು ಇನ್ನು ಇಷ್ಟೇ," ಎಂದು ಕಾಯಿಯ ಮೇಲೆ ಅಂಗೈ ಇಟ್ಟಳು.

ನನ್ನ ಕಾಯಿಗಳು ಯಾಕೆ ಒಡೆಯುತ್ತಿದ್ದವು ಎಂದು ಅವಳ ಹಿತ್ತಲಲ್ಲಿ ಕೂತು ತಿಳಿದುಕೊಂಡೆ. ನಾನು ಒಂದು ಬಳ್ಳಿಯಲ್ಲಿ ಬಂದದ್ದನ್ನೆಲ್ಲ ಬಿಡುತ್ತಿದ್ದೆ, ಕೀಳುವುದಕ್ಕೆ ಮನಸ್ಸು ಬರುತ್ತಿರಲಿಲ್ಲ. ಅವಳು ಒಂದನ್ನು ಉಳಿಸಿ ಮಿಕ್ಕ ಹೀಚನ್ನೆಲ್ಲ ಕಿತ್ತು ಪಲ್ಯ ಮಾಡಿದ್ದಳು. ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಡಲಿ ಎಂದು ಮಣ್ಣು ಹೊದಿಸಿದ್ದಳು. ಬೆಳಿಗ್ಗೆ ಹೂ ಅರಳುವ ಹೊತ್ತಿಗೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ತಾನೇ ಮುಟ್ಟಿಸಿ, ಮೇಲೆ ಬಟ್ಟೆ ಕಟ್ಟಿದ್ದಳು. ಬೇರೆ ತೋಟದ ಕಾಯಿಯ ಜಾತಿ ಬೆರೆಯಬಾರದು ಎಂದು. ನಾನು ಬಾವಿಯಲ್ಲಿ ನೀರಿದ್ದ ದಿನ ಹೊಂಡ ತುಂಬಿಸಿ, ಇಲ್ಲದ ದಿನ ಒಣಗಿಸುತ್ತಿದ್ದೆ. ಕಾಯಿಗೆ ಸಿಪ್ಪೆ ಗಟ್ಟಿಯಾದ ಮೇಲೆ ಒಮ್ಮೆಗೇ ನೀರು ಹೋದರೆ ಒಡೆಯದೆ ಇನ್ನೇನು ಮಾಡೀತು? ಅವಳು ದಿನಾ ಅಷ್ಟೇ, ಒಂದೇ ಬಿಂದಿಗೆ.

"ಮಕ್ಕಳಿಗೆ ಊಟ ಹಾಕಿದಂಗೆ ಕಣೋ," ಎಂದಳು. "ಹಬ್ಬದ ದಿನ ತುರುಕಿ, ಮಾರನೇ ದಿನ ಉಪವಾಸ ಕೆಡವಿದ್ರೆ ಯಾವ ಹೊಟ್ಟೆ ತಡಿಯುತ್ತೆ?"

ದೊರೆಯ ತೋಟ

ಆ ಬೆಟ್ಟದ ಎಸ್ಟೇಟುಗಳ ಬಿಳಿ ದೊರೆಗಳಿಗೂ ಇದೇ ಹುಚ್ಚು ಎಂದು ಗೊತ್ತಾದಾಗ ನನಗೆ ಸಂತೋಷವೇ ಆಯಿತು. ವರ್ಷಕ್ಕೊಮ್ಮೆ ಅವರ ಕ್ಲಬ್ಬಿನಲ್ಲಿ ಹೂವು ತರಕಾರಿಗಳ ಪ್ರದರ್ಶನ. ಎಲ್ಲಕ್ಕಿಂತ ದೊಡ್ಡ ಕುಂಬಳಕಾಯಿಗೆ ಒಂದು ಬೆಳ್ಳಿ ಬಟ್ಟಲು. ಈ ಎಸ್ಟೇಟಿನ ದೊರೆ ಸತತವಾಗಿ ಪಕ್ಕದ ಎಸ್ಟೇಟಿನ ದೊರೆಗೆ ಸೋಲುತ್ತಿದ್ದನಂತೆ. ತಂಗಿಯ ಗಂಡ, ಊರಿನಿಂದ ಕುಂಬಳಕಾಯಿ ಬೆಳೆಯುವ ಮೇಷ್ಟ್ರು ಬಂದಿದ್ದಾರೆ ಎಂದು ಹೇಳಿದ್ದಕ್ಕೆ ದೊರೆಯೇ ಹೇಳಿಕಳಿಸಿದ.

ಅವನು ಕೆಟ್ಟವನಂತೆ ಕಾಣಲಿಲ್ಲ. ಇದನ್ನು ಬರೆಯಲೇಬೇಕು. ಕೈ ಮಣ್ಣು ಮಾಡಿಕೊಂಡಿದ್ದ. ಬಳ್ಳಿಯ ತೊಟ್ಟು ಕಾಯಿಗೆ ಒತ್ತದ ಹಾಗೆ ಎಳೆಯದಾಗಿದ್ದಾಗಲೇ ಹೇಗೆ ತಿರುಗಿಸಬೇಕು ಎಂದು ಮಂಡಿಯೂರಿ ತೋರಿಸಿದ. ಅದು ನನಗೂ ಗೊತ್ತಿರಲಿಲ್ಲ, ನಂಜಮ್ಮನಿಗೂ ಗೊತ್ತಿರಲಿಲ್ಲ. ನಾನು ಮಾಡುತ್ತಿದ್ದ ತಪ್ಪುಗಳನ್ನು ಹೇಳಿದಾಗ ಜೋರಾಗಿ ನಕ್ಕು, ತಾನೂ ಅವನ್ನೆಲ್ಲ ಮಾಡಿದ್ದೇನೆ ಎಂದ. ಒಂದು ಗಳಿಗೆ ನಾವಿಬ್ಬರೂ ಒಂದೇ ಕಸುಬಿನವರಾಗಿದ್ದೆವು.

ಆಮೇಲೆ ನಾನು ಅವನ ಕಾಯಿಯ ಪಕ್ಕದಲ್ಲಿ ಒಂದು ಪಿಂಗಾಣಿ ಬೋಗುಣಿ ನೋಡಿದೆ. ಅದರಿಂದ ಒಂದು ಬತ್ತಿ ಹೊರಟು ಬಳ್ಳಿಯ ಸೀಳಿನೊಳಗೆ ಹೋಗಿತ್ತು. ಬೋಗುಣಿಯ ತುಂಬ ಹಾಲು. ಕಾಯಿ ಬತ್ತಿಯ ಮೂಲಕ ಹಾಲು ಕುಡಿದು ದಪ್ಪವಾಗುತ್ತದಂತೆ. ಬೆಳಿಗ್ಗೆ ಒಂದು ಸೇರು, ಸಂಜೆ ಒಂದು ಸೇರು. ಹುಳಿಯುವ ಮುಂಚೆ ಬದಲಾಯಿಸುವುದಕ್ಕೆ ಒಬ್ಬ ಆಳು. ಬಿಸಿಲಾದರೆ ಕೊಡೆ ಹಿಡಿಯುವವನೂ ಅವನೇ. ಹಿಂದಿನ ದಿನ ತಾನೇ ನಾನು ಆಳುಗಳ ಲೈನು ಮನೆಗಳ ಕಡೆ ಹೋಗಿದ್ದೆ. ಅಲ್ಲಿ ಒಬ್ಬ ಬಾಣಂತಿ ಗಂಜಿಯ ತಿಳಿಯಲ್ಲಿ ಬಟ್ಟೆಯನ್ನು ಅದ್ದಿ ಮಗುವಿನ ಬಾಯಿಗೆ ಇಡುತ್ತಿದ್ದಳು. ಅಲ್ಲೂ ಬತ್ತಿಯೇ. ಅದರಲ್ಲಿ ಹಾಲಿರಲಿಲ್ಲ, ಅಷ್ಟೇ. ನಾನು ದೊರೆಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಅವನಿಗೆ ಅರ್ಥವಾಗುತ್ತಿತ್ತೋ ಇಲ್ಲವೋ ಎಂದು ಈಗಲೂ ಯೋಚಿಸುತ್ತೇನೆ.

ಹೊರಡುವಾಗ, ಕಾಂಪೌಂಡರನ ಹಿತ್ತಲಲ್ಲೂ ಒಂದು ಕಾಯಿ ಇದೆಯಂತೆ ಎಂದ. ಅದೇ ಸಂಜೆ ನೋಡಲು ಬಂದ. ವೆಂಕಟಾಚಲ ಕೈ ಕಟ್ಟಿ ನಿಂತ. ನಂಜಮ್ಮ ಬಾಗಿಲ ಮರೆಯಲ್ಲಿದ್ದಳು. ದೊರೆ ಬಹಳ ಹೊತ್ತು ಸುತ್ತು ಹಾಕಿದ. ಆಮೇಲೆ ಕೈಯ ಬೆತ್ತವನ್ನು ಚಾಚಿ, ಅದರ ತುದಿಯಿಂದ ಕಾಯಿಯನ್ನು ಎರಡು ಸಲ ತಟ್ಟಿದ. ಸಿಪ್ಪೆಯ ಮೇಲೆ ಸಣ್ಣ ಗಾಯ ಬಿತ್ತು. ಅವನು ಹೋದ ಮೇಲೆ ನಂಜಮ್ಮ ಗಾಯಕ್ಕೆ ಸುಣ್ಣ ಹಚ್ಚಿದಳು. "ಬೆರಳು ತೋರಿಸ್ಬಾರ್ದು ಅಂತಾರೆ. ಬೆತ್ತದ ವಿಷಯ ಯಾರೂ ಹೇಳಿಲ್ಲ," ಎಂದಳು.

ಪ್ರದರ್ಶನದ ಮುನ್ನಾದಿನ

ದೊರೆಯ ಕಾಯಿ ಕೊಳೆಯಿತು. ಬತ್ತಿ ಹೊಕ್ಕಿದ್ದ ಜಾಗದಲ್ಲೇ ಹಾಲು ಹುಳಿತು ಹುಳ ಬಿದ್ದು, ಬಳ್ಳಿ ಕಪ್ಪಾಗಿ, ತೊಟ್ಟು ಕಳಚಿಕೊಂಡಿತು. ಹಾಲು ಬದಲಾಯಿಸುತ್ತಿದ್ದ ಆಳನ್ನು ಕೆಲಸದಿಂದ ತೆಗೆದರು.

ಮಧ್ಯಾಹ್ನ ಎಸ್ಟೇಟಿನ ಕಣಕ್ಕುಪಿಳ್ಳೆ ಬಂದ. ಆಳುಗಳ ಹಾಜರಿ ನೋಡುವವನನ್ನು ಅಲ್ಲಿ ಹಾಗೆನ್ನುತ್ತಾರೆ. ದೊಡ್ಡ ಮೀಸೆಯ, ವಿಭೂತಿ ಹಚ್ಚಿದ, ಮಧುರೆ ಕಡೆಯ ಮನುಷ್ಯ. ನಾಳೆ ಬೆಳಿಗ್ಗೆ ಆಳುಗಳು ಬಂದು ಕಾಯಿಯನ್ನು ಪ್ರದರ್ಶನಕ್ಕೆ ಒಯ್ಯುತ್ತಾರೆ, ಸಿದ್ಧ ಮಾಡಿಡಿ ಎಂದ. ಕಾಯಿಗೆ ಅಂಟಿಸುವ ಚೀಟಿಯಲ್ಲಿ ಯಾರ ಹೆಸರು ಬರೆಯುತ್ತಾರೆ ಎಂದು ನಾನು ಕೇಳಿದೆ. ಅವನು ನನ್ನನ್ನು ನೋಡಿದ ರೀತಿಯಲ್ಲೇ ಉತ್ತರವಿತ್ತು. ವೆಂಕಟಾಚಲ ತಲೆಯಾಡಿಸಿಬಿಟ್ಟ.

ನಾನು ದೊರೆಯ ಬಂಗಲೆಗೆ ಹೋದೆ. ಹೆಸರಿನ ವಿಷಯ ನಾನು ಎತ್ತಲಿಲ್ಲ. ಬಟ್ಟಲನ್ನು ಯಾರಾದರೂ ಇಟ್ಟುಕೊಳ್ಳಲಿ. ನನಗೆ ಬೇಕಾಗಿದ್ದದ್ದು ಬೀಜ. ಪ್ರದರ್ಶನ ಮುಗಿದು ಕಾಯಿ ಒಡೆದ ಮೇಲೆ ಒಂದು ಹಿಡಿ ಬೀಜವನ್ನು ನನ್ನ ತಂಗಿಗೆ ಕೊಡಿಸಿ, ಅದು ನಮ್ಮ ತಾಯಿಯ ಬೀಜ, ಇನ್ನೆಲ್ಲೂ ಉಳಿದಿಲ್ಲ ಎಂದು, ನನಗೆ ಬರುವ ಇಂಗ್ಲಿಷಿನಲ್ಲಿ ಎಷ್ಟು ಮರ್ಯಾದೆಯಿಂದ ಕೇಳಬಹುದೋ ಅಷ್ಟು ಮರ್ಯಾದೆಯಿಂದ ಕೇಳಿದೆ. ಮೊನ್ನೆ ನನ್ನೊಂದಿಗೆ ಮಂಡಿಯೂರಿ ನಕ್ಕವನೇ ಅವನು. ಕೋಪ ಮಾಡಲಿಲ್ಲ. ನನಗೆ ಕುರ್ಚಿ ತೋರಿಸಿದ. ಬೀಜವನ್ನು ಹೊರಗೆ ಬಿಟ್ಟರೆ ಮುಂದಿನ ವರ್ಷ ಪಕ್ಕದ ಎಸ್ಟೇಟಿನವರು ಹೇಗಾದರೂ ಸಂಪಾದಿಸುತ್ತಾರೆ, ಆದ್ದರಿಂದ ಎಲ್ಲವನ್ನೂ ತಾನೇ ಬೀರುವಿನಲ್ಲಿಡುತ್ತೇನೆ ಎಂದ. ಬದಲಿಗೆ ನಿಮ್ಮ ತಂಗಿಗೆ ವಿಲಾಯತಿಯಿಂದ ಬಂದ ಒಳ್ಳೆಯ ಬೀಜದ ಪೊಟ್ಟಣ ಕಳಿಸುತ್ತೇನೆ ಎಂದ.

"ನೆಲ ಎಸ್ಟೇಟಿನದು, ಗೊಬ್ಬರ ಎಸ್ಟೇಟಿನದು, ನೀರು ಎಸ್ಟೇಟಿನದು," ಎಂದು ಪಾಠ ಬಿಡಿಸಿ ಹೇಳುವವನಂತೆ ಹೇಳಿದ. "ಹಾಗಾದರೆ ಕಾಯಿ ಯಾರದು? ಮೇಷ್ಟ್ರು ನೀವೇ ಹೇಳಿ."

"ಬೀಜ ನಮ್ಮದು," ಎಂದೆ.

"ಒಂದು ಬೀಜ ಎಷ್ಟು ತೂಗುತ್ತದೆ?" ಎಂದ.

ಅವನು ನಗುತ್ತಲೂ ಇರಲಿಲ್ಲ. ನಿಜವಾಗಿಯೂ ಅದು ಉತ್ತರ ಎಂದು ನಂಬಿದ್ದ. ಗದರಿದ್ದರೆ ತಡೆದುಕೊಳ್ಳುತ್ತಿದ್ದೆ. ಸೇವಕ ಟೀ ತಂದ. ಕುಡಿಯದೆ ಎದ್ದು ಬಂದೆ. ಅದು ಅವನಿಗೆ ಕಾಣಿಸಿತೋ ಇಲ್ಲವೋ ತಿಳಿಯದು.

ಮನೆಗೆ ಬಂದು ನಾನೂ ವೆಂಕಟಾಚಲನೂ ಜಗುಲಿಯ ಮೇಲೆ ಕೂತು ಮಾತಾಡಿದೆವು. ನಾನು ಕೂಗಾಡಿದೆ ಎಂದೇ ಹೇಳಬೇಕು. ಈಗಲೇ ಒಡೆದು ಬೀಜ ತೆಗೆಯೋಣ, ಮಿಕ್ಕದ್ದನ್ನು ದೊರೆಯ ಬಾಗಿಲಿಗೆ ಎಸೆಯೋಣ ಎಂದೆ. ಹೆದರಿದಾಗ ವೆಂಕಟಾಚಲನ ಬಾಯಲ್ಲಿ ಮನೆಮಾತು ತೆಲುಗೇ ಬರುವುದು.

"ವದ್ದು ಭಾವಾ, ಬೇಡ," ಎಂದ. "ನೀವು ಬರೋ ವಾರ ಊರಿಗೆ ಹೋಗ್ತೀರಿ. ನಾನು ನಾಳಿದ್ದು ಬೆಳಿಗ್ಗೆ ಇದೇ ಬಾಗಿಲು ತೆಗೀಬೇಕು. ಕೆಲಸ ಹೋದ್ರೆ ಈ ಮನೇನೂ ಹೋಗುತ್ತೆ. ಲೈನಿನ ಜನಕ್ಕೆ ಔಷಧಿ ಕೊಡೋರು ಯಾರು?"

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ನಂಜಮ್ಮ ಒಳಗೆ ರಾಗಿ ಬೀಸುತ್ತಿದ್ದಳು. ಕಲ್ಲಿನ ಸದ್ದು ನಿಲ್ಲಲಿಲ್ಲ.

ಪ್ರದರ್ಶನದ ಬೆಳಿಗ್ಗೆ

ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಟೀ ಗಿಡಗಳ ನಡುವಿನ ದಾರಿಯಲ್ಲಿ ಆಳುಗಳು ಇಳಿದು ಬರುತ್ತಿದ್ದರು, ಮುಂದೆ ಪಿಳ್ಳೆ. ಅವರ ಹೆಗಲ ಮೇಲೆ ಇದ್ದದ್ದನ್ನು ವೆಂಕಟಾಚಲ ನನಗಿಂತ ಮೊದಲು ಗುರುತಿಸಿದ. ಆಸ್ಪತ್ರೆಯಲ್ಲಿ ರೋಗಿಗಳನ್ನು ಹೊರುವ ಡೋಲಿ. ಅದು ಬಂಗಲೆಯ ಉಗ್ರಾಣದಲ್ಲಿ ಬೀಗದಲ್ಲಿರುತ್ತದೆ, ದೊರೆಯ ಅಪ್ಪಣೆಯಿಲ್ಲದೆ ತೆಗೆಯುವಂತಿಲ್ಲ. ನಾನು ಎಸ್ಟೇಟಿಗೆ ಬಂದ ಮಾರನೆಯ ದಿನ ಎಲೆ ಕೀಳುವ ಹೆಂಗಸೊಬ್ಬಳು ಇಳಿಜಾರಿನಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ಅವಳ ಗಂಡ ಅವಳನ್ನು ಬೆನ್ನ ಮೇಲೆ ಹೊತ್ತು ತಂದಿದ್ದ. ಹೆಜ್ಜೆಹೆಜ್ಜೆಗೂ ಅವಳು ಕೂಗಿದ್ದು ನನಗೆ ಈ ಹಿತ್ತಲಿಗೆ ಕೇಳಿತ್ತು. ಅವತ್ತು ಬೀಗದ ಕೈ ಸಿಕ್ಕಿರಲಿಲ್ಲ. ಇವತ್ತು ಡೋಲಿಯ ಮೇಲೆ ಕೆಂಪು ಕಂಬಳಿ ಹಾಸಿತ್ತು.

ನಾನು ಹಿತ್ತಲಿಗೆ ಓಡಿದೆ. ನಂಜಮ್ಮ ಅಲ್ಲಿದ್ದಳು. ಸ್ನಾನ ಮಾಡಿ, ಕುಂಕುಮ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಕಾಯಿಯ ಮೇಲಿನ ಬಟ್ಟೆ ತೆಗೆದಿತ್ತು. ಪಕ್ಕದಲ್ಲಿ ಮಚ್ಚು. ಅವಳು ಕಾಯುತ್ತಿದ್ದದ್ದು ನನಗೇ ಎಂದುಕೊಂಡೆ. ಅಮ್ಮ ಹಾಗೇ ಕಾಯುತ್ತಿದ್ದದ್ದು. ನಾನು ಮಚ್ಚಿಗೆ ಕೈ ಚಾಚಿದೆ. ಹಿಂದಿನಿಂದ ವೆಂಕಟಾಚಲ ನನ್ನ ತೋಳು ಹಿಡಿದುಕೊಂಡ.

"ಬಿಡು ಅಣ್ಣಾ," ಎಂದಳು ನಂಜಮ್ಮ. ದನಿ ಎತ್ತಲಿಲ್ಲ. "ನೀನು ಒಡೆದ್ರೆ ಜಗಳ. ಇವರು ಒಡೆದ್ರೂ ಜಗಳ. ನಾನು ಒಡೆದ್ರೆ ಹುಳಿ."

ಪಿಳ್ಳೆ ಬೇಲಿಯ ಬಾಗಿಲು ದಾಟುವುದಕ್ಕೂ ಅವಳು ಮಚ್ಚು ಎತ್ತುವುದಕ್ಕೂ ಸರಿಹೋಯಿತು. ಒಂದೇ ಏಟಿಗೆ ಅದು ಒಡೆಯಲಿಲ್ಲ, ಅಂಥ ಸಿಪ್ಪೆ. ಮಚ್ಚು ನೆಟ್ಟುಕೊಂಡಿತು. ಅದರ ಬೆನ್ನ ಮೇಲೆ ಕಲ್ಲಿನಿಂದ ಬಡಿದಳು. ಕ್ಯಾಂಪಿನ ಹಬೆಯ ಪೆಟ್ಟಿಗೆ, ಹಾಲಿನ ಬತ್ತಿ, ಬೆತ್ತ, ಡೋಲಿ ಇವೆಲ್ಲವನ್ನೂ ನಾನು ಕಂಡೆ, ಕಂಡು ಸಿಟ್ಟಾದೆ. ಆದರೆ ಆ ಪ್ರವಾಸದಲ್ಲಿ ನನ್ನ ಎದೆ ಝಲ್ಲೆಂದದ್ದು, ಹೇಳಲು ನಾಚಿಕೆಯಿಲ್ಲ, ಆ ಸದ್ದಿಗೆ. ಕಾಯಿ ಎರಡಾಗಿ ತೆರೆದುಕೊಂಡಿತು. ಒಳಗೆ ಬೆಂಕಿಯ ಬಣ್ಣ. ನಡುವೆ ಬೀಜ, ದಪ್ಪಗೆ ಬಲಿತು ಬೆಳ್ಳಗೆ.

ಪಿಳ್ಳೆ ನಿಂತಲ್ಲೇ ನಿಂತ. ಅವನ ಊರಿನಲ್ಲೂ ಇದೇ ರೂಢಿ. ಕಾಯಿ ಹೋಯಿತಲ್ಲ ಎಂದು ಅವನು ಮೊದಲು ಹೇಳಲಿಲ್ಲ. ಹೆಂಗಸಿನ ಕೈಯಲ್ಲೇ, ಅದೂ ಗಂಡ ಇರುವಾಗಲೇ ಎಂದು ತಮಿಳಿನಲ್ಲಿ ಗೊಣಗಿ, ಕಾಲು ಹಿಂದಿಟ್ಟ. ಒಡೆದ ಕಾಯಿಯನ್ನಾದರೂ ಎತ್ತಿ ಎಂದು ಆಳುಗಳಿಗೆ ಹೇಳಲಿಲ್ಲ. ಅದನ್ನು ಮುಟ್ಟುವುದು ಅವನಿಗೆ ಬೇಕಿರಲಿಲ್ಲ. ಇದನ್ನು ಒಯ್ಯುತ್ತಾರೆ ಎಂದು ನಿನಗೆ ಗೊತ್ತಿರಲಿಲ್ಲವೇ ಎಂದಷ್ಟೇ ಕೇಳಿದ.

"ನನಗೆ ಯಾರು ಹೇಳಿದ್ರು?" ಎಂದಳು.

ಅದು ನಿಜ. ದೊರೆ ನನಗೆ ಹೇಳಿದ್ದ, ಪಿಳ್ಳೆ ವೆಂಕಟಾಚಲನಿಗೆ ಹೇಳಿದ್ದ, ನಾವಿಬ್ಬರೂ ಜಗುಲಿಯ ಮೇಲೆ ಒಬ್ಬರಿಗೊಬ್ಬರು ಹೇಳಿಕೊಂಡಿದ್ದೆವು. ಬಳ್ಳಿಗೆ ನೀರು ಹೊತ್ತವಳಿಗೆ ಒಬ್ಬನೂ ಬಾಯಿ ಬಿಟ್ಟು ಹೇಳಿರಲಿಲ್ಲ, ಕೇಳಿರಲಿಲ್ಲ. ಕಾಂಪೌಂಡರನ ಹೆಂಡತಿ ತಿಳಿಯದೆ ಅಡಿಗೆಗೆ ಹೆಚ್ಚಿಬಿಟ್ಟಳು ಎಂದು ದೊರೆಗೆ ಹೇಳಿ ಎಂದು ಅವಳೇ ಪಿಳ್ಳೆಗೆ ಹೇಳಿಕೊಟ್ಟಳು. ಅವನು ಅದನ್ನು ಹಿಡಿದುಕೊಂಡು ಹೊರಟ. ಅವನಿಗೂ ಬೈಸಿಕೊಳ್ಳದೆ ಉಳಿಯುವುದಕ್ಕೆ ಅದೊಂದೇ ದಾರಿ.

ಬೀಜವನ್ನೆಲ್ಲ ಬೇರೆ ಮಾಡಿದ ಮೇಲೆ ಹೋಳುಗಳನ್ನು ಲೈನು ಮನೆಗಳಿಗೆ ಕಳಿಸಬೇಕಾಯಿತು. ಆಳುಗಳು ಡೋಲಿಯೊಂದಿಗೆ ಇನ್ನೂ ಅಲ್ಲೇ ನಿಂತಿದ್ದರು. ಹೋಗಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೋಳುಗಳು ಡೋಲಿಯ ಮೇಲೆಯೇ ಹೋದವು, ಕೆಂಪು ಕಂಬಳಿಯ ಮೇಲೆ. ಮೊದಲ ಹೋಳನ್ನು ಕಾಲು ಮುರಿದವಳ ಮನೆಗೆ ಕೊಡಿ ಎಂದು ನಂಜಮ್ಮ ಹೇಳಿದಳು.

ದೊರೆ ಆ ದಿನ ಬರಿಗೈಯಲ್ಲಿ ಪ್ರದರ್ಶನಕ್ಕೆ ಹೋದ. ಗೆದ್ದ ಕಾಯಿಯನ್ನು ನೋಡಿಬಂದ ವೆಂಕಟಾಚಲ, ನಮ್ಮದರ ಅರ್ಧ ಇತ್ತು ಎಂದ. ಅವನ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು. ಅವನ ಕೆಲಸ ಹೋಗಲಿಲ್ಲ. ಲೈನಿನಲ್ಲಿ ದಡಾರ ಎದ್ದಿತ್ತು, ಕಾಂಪೌಂಡರ್ ಬೇಕಾಗಿದ್ದ. ಆದರೆ ಮೂರನೆಯ ದಿನ ಪಿಳ್ಳೆ ಬಂದು ದೊರೆಯ ಅಪ್ಪಣೆಯನ್ನು ಓದಿ ಹೇಳಿದ: ಇನ್ನು ಮುಂದೆ ನೌಕರರ ಮನೆಗಳ ಹಿತ್ತಲಲ್ಲಿ ಯಾವ ಬಗೆಯ ಬಳ್ಳಿಯನ್ನೂ ಹಬ್ಬಿಸಕೂಡದು. ಯಾವ ಬಗೆಯ ಬಳ್ಳಿಯನ್ನೂ. ಪಕ್ಕದ ಮನೆಯ ಗುಮಾಸ್ತನ ಅವರೆ ಚಪ್ಪರವನ್ನೂ ಕೀಳಿಸಿದರು. ಒಂದು ಬಟ್ಟಲು ತಪ್ಪಿದ್ದಕ್ಕೆ ಒಂದು ಬೆಟ್ಟದ ಬಳ್ಳಿಗಳೆಲ್ಲ ದಂಡ ತೆರಬೇಕಾಯಿತು. ಇದನ್ನು ಬರೆಯುವಾಗ ನನ್ನ ಕೈ ಗಟ್ಟಿಯಾಗಿ ಒತ್ತಿ ನಿಬ್ಬು ಸೀಳಿದೆ. ಬೇರೆ ನಿಬ್ಬು ಹಾಕಿಕೊಂಡು ಮುಗಿಸುತ್ತಿದ್ದೇನೆ.

ಮತ್ತೆ ಬೈರಕೂರು

ಬರುವಾಗ ಬೀಜ ನನ್ನ ಕೋಟಿನ ಒಳಜೇಬಿನಲ್ಲಿತ್ತು, ಜೇಬಿನ ಬಾಯಿಯನ್ನು ನಂಜಮ್ಮ ಹೊಲಿದುಬಿಟ್ಟಿದ್ದಳು. ಊರಿಗೆ ವಾಪಸು ಬರುವವರ ಬಟ್ಟೆಯನ್ನು ಯಾರೂ ಬೇಯಿಸಲಿಲ್ಲ. ರೋಗ ನಮ್ಮ ಕಡೆಗೆ ಬಂದರೆ ಪರವಾಗಿಲ್ಲ ಎಂದು ಕಾಣುತ್ತದೆ.

ಅವಳು ಹೇಳಿದ ಹಾಗೆಯೇ ಮಾಡಿದೆ. ಬಳ್ಳಿಗೆ ಒಂದೇ ಕಾಯಿ, ದಿನಾ ಒಂದೇ ಬಿಂದಿಗೆ, ಗೆಣ್ಣಿಗೆಲ್ಲ ಮಣ್ಣು. ತೊಟ್ಟನ್ನು ಆ ದೊರೆ ತೋರಿಸಿದಂತೆಯೇ ತಿರುಗಿಸಿದೆ. ಕಲಿತದ್ದನ್ನು ಯಾರು ಕಲಿಸಿದರೆಂದು ಕಿತ್ತೆಸೆಯಲಾಗುವುದಿಲ್ಲ. ಈ ವರ್ಷದ ಕಾಯಿ ಒಡೆಯಲಿಲ್ಲ. ಅವಳದರಷ್ಟು ಇಲ್ಲ, ಇಲ್ಲಿನ ಬಿಸಿಲಿಗೆ ಅಷ್ಟಾಗುವುದೂ ಇಲ್ಲ. ಆದರೆ ಅಮ್ಮನ ಕಾಲದಲ್ಲೂ ನಮ್ಮ ಹಿತ್ತಲಲ್ಲಿ ಇಷ್ಟು ದೊಡ್ಡದು ಬಂದಿರಲಿಲ್ಲ ಎಂದು ಊರಿನ ಹಿರಿಯರು ಬಂದು, ಬೆರಳು ಮಡಿಸಿ, ತೋರಿಸಿ ಹೋದರು.

ಬಲಿತ ಕಾಯಿಯನ್ನು ಪಡಸಾಲೆಯ ಮೂಲೆಯಲ್ಲಿ ಹುಲ್ಲಿನ ಸಿಂಬೆಯ ಮೇಲೆ ಇಟ್ಟಿದ್ದೇವೆ. ಯುದ್ಧದಿಂದಾಗಿ ನಂಜಮ್ಮ ಬರುವುದು ಎರಡು ಸಲ ತಪ್ಪಿತು. ಬರುವ ಬೇಸಿಗೆಗೆ ಖಂಡಿತ ಎಂದು ಬರೆಸಿದ್ದಾಳೆ. ಚೆನ್ನಾಗಿ ಬಲಿತ ಕುಂಬಳಕಾಯಿ ಅಷ್ಟು ದಿನ ತಡೆಯುತ್ತದೆ. ನನ್ನ ಹೆಂಡತಿ ವಾರಕ್ಕೊಮ್ಮೆ ಅದನ್ನು ಒರೆಸಿ, ಅದರ ಪಕ್ಕದ ಮಚ್ಚನ್ನೂ ಒರೆಸಿ ಇಡುತ್ತಾಳೆ.

ಮೊನ್ನೆ ಪಕ್ಕದ ಮನೆಯ ಚೌಡಮ್ಮ ಸೌಟು ಇಸಕೊಳ್ಳಲು ಬಂದವಳು ಕಾಯಿ ನೋಡಿ, ಹೊಸಿಲಲ್ಲೇ ನಿಂತು ನನ್ನ ಹೆಂಡತಿಯನ್ನು ಕೇಳಿದಳು:

"ಯಾಕಮ್ಮಾ ಹಿಂಗೇ ಇಟ್ಕೊಂಡಿದ್ದೀಯ? ಗಂಡಸರು ಮನೇಲೇ ಅವ್ರಲ್ಲ. ಒಂದೇಟು ಹಾಕಿಸ್ಬಾರ್ದಾ?"

ನಾನು ಅಲ್ಲೇ ಕೂತು ಮಕ್ಕಳ ಉತ್ತರ ತಿದ್ದುತ್ತಿದ್ದೆ. ನನ್ನ ಹೆಂಡತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಇದನ್ನ ಒಡೆಯೋರು ಸಿಲೋನಿಂದ ಬರ್ಬೇಕು ಚೌಡಮ್ಮ," ಎಂದಳು.